ಡಿಶ್ ಮೇಲಿನ ಸಂಡಿಗೆ

ಬೊರಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ತಂತಿಬಲೆಯ ಡಿಶ್ ಒಂದು ಆಕಾಶಕ್ಕೆ ಬಾಯಿ ತೆರೆದು ಕೂತಿತ್ತು. ಅದರಲ್ಲಿ ಹೊರದೇಶದ ಚಾನೆಲ್ ಬರುತ್ತದೆಂದು ನಂಬಿ ಸೊಸೈಟಿಯ ಸೆಕ್ರೆಟರಿ ಅನುಮತಿ ಕೊಟ್ಟಿದ್ದರು. ಬರುವುದಿಲ್ಲ ಎಂದು ನಾನು ಹೇಳಿದಾಗಲೆಲ್ಲ ಗುಟ್ಟು ತಿಳಿದವರಂತೆ ನಗುತ್ತಿದ್ದರು.

ನಿಜಕ್ಕೂ ಅದರಲ್ಲಿ ಬರಬೇಕಾದದ್ದು ನೆಟ್ಟಗಿನ ಒಂದು ಗೆರೆ, ಅಷ್ಟೆ. ಆಗ ಘಟ್ಟದ ಮೇಲೆ ದೊಡ್ಡ ರೇಡಿಯೋ ಟೆಲಿಸ್ಕೋಪ್ ಏಳುತ್ತಿತ್ತು. ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುವ ಮುಂಚೆ ವಿಶ್ವದ ತುಂಬ ಹೈಡ್ರೋಜನ್ ಅನಿಲವಿತ್ತು. ಅದು ಹೊರಡಿಸಿದ ಅಲೆಗಳು ತೀರ ಕ್ಷೀಣವಾಗಿ ಇಂದಿಗೂ ಬರುತ್ತಲೇ ಇವೆ. ಅವನ್ನು ಹುಡುಕುವುದು ಆ ಟೆಲಿಸ್ಕೋಪಿನ ಆಸೆಗಳಲ್ಲೊಂದು. ಅಂಥ ಪಿಸುಮಾತು ಕೇಳಬೇಕಾದ ಪೆಟ್ಟಿಗೆ ತಾನೇ ಗೊಣಗಬಾರದು. ಅಂಥದೊಂದು ರಿಸೀವರ್ ಪೆಟ್ಟಿಗೆಯನ್ನು ನಾನು ಕಟ್ಟಿ, ಪರೀಕ್ಷೆಗೆಂದು ಟೆರೇಸಿನ ಈ ಡಿಶ್‌ಗೆ ಜೋಡಿಸಿದ್ದೆ. ಗೆರೆ ನೆಟ್ಟಗೆ ಬಂದರೆ ಅದು ಘಟ್ಟ ಹತ್ತುತ್ತದೆ, ಇಲ್ಲವಾದರೆ ಬೇರೆಯವರದು.

ನಮ್ಮ ಮುಖ್ಯಸ್ಥರು ಧಾರವಾಡದವರು. ಯಾವ ಪೆಟ್ಟಿಗೆಯನ್ನೂ ಸುಲಭಕ್ಕೆ ಪಾಸು ಮಾಡುತ್ತಿರಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ಆಫೀಸಿನಲ್ಲಿ ಹೆಸರು.

ಟೆರೇಸಿನ ಕೆಳಗೇ ನಮ್ಮ ಮನೆ. ನಾನು ಲೋಕಲ್ ಹಿಡಿದು ಆಫೀಸಿಗೆ ಹೋದ ಮೇಲೂ ಮನೆಯೊಳಗೆ, ಪೆಟ್ಟಿಗೆಯಿಂದ ತಂತಿ ಎಳೆದಿದ್ದ ಯಂತ್ರದ ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ರಾತ್ರಿಯ ಗೆರೆ ನೆಟ್ಟಗೆ. ಹಗಲಿನದು ಅಲೆ ಅಲೆ. ಬಿಸಿಲೇರಿದಾಗ ಶುರುವಾಗಿ ಸಂಜೆ ನಾನು ಬರುವಷ್ಟರಲ್ಲಿ ಮಾಯ. ಬಿಸಿಲಿಗೆ ಕಾದು ಪೆಟ್ಟಿಗೆ ಕೆಡುತ್ತಿರಬೇಕು. ಬೇರೆ ಕಾರಣ ತೋಚಲಿಲ್ಲ. ಬೆಸುಗೆಗಳನ್ನು ಮತ್ತೆ ಮತ್ತೆ ನೋಡಿದೆ. ಒಂದೂ ಬಿಟ್ಟಿರಲಿಲ್ಲ. ಊಟ ಸೇರದಾಯಿತು. ಅತ್ತೆ ದಿನವೂ ಸಂಡಿಗೆ ಕರಿದು ತಟ್ಟೆಗೆ ಹಾಕುತ್ತಿದ್ದರು.

“ತಿನ್ನಮ್ಮ, ಹೊಸದು. ಈ ವರ್ಷ ಎಷ್ಟು ಚೆನ್ನಾಗಿ ಒಣಗಿದೆ ನೋಡು.”

ಶನಿವಾರ ಮುಖ್ಯಸ್ಥರೇ ಪರೀಕ್ಷಿಸಲು ಬಂದರು. ಮೊದಲು ಊಟ ಎಂದರು ಅತ್ತೆ.

“ಭಾಳ ಛಲೋ ಅದಾವರೀ ಸಂಡಗಿ. ಈ ಮುಂಬೈದಾಗ ಎಲ್ಲಿ ಒಣಗಸ್ತೀರಿ?”

“ಟೆರೇಸ್ ಮೇಲೆ ನಮ್ಮ ಸೊಸೆ ಜರಡಿ ತಂದಿಟ್ಟಿದಾಳಲ್ಲ, ಅದರ ಮೇಲೆ. ಕೆಳಗಿಂದಲೂ ಗಾಳಿ ಆಡತ್ತೆ.”

ತುತ್ತು ನನ್ನ ಕೈಯಲ್ಲೇ ಉಳಿಯಿತು. ಮುಖ್ಯಸ್ಥರು ಕೈ ತೊಳೆಯದೆ ಎದ್ದರು.

ಡಿಶ್ ಮೇಲೆ ಪಂಚೆ, ಪಂಚೆಯ ಮೇಲೆ ಸಾಲಾಗಿ ಸಂಡಿಗೆ. ನಡುವಿನ ಆಂಟೆನಾದ ನೆತ್ತಿಗೆ ಬಿಚ್ಚಿ ಕಟ್ಟಿದ ಕಪ್ಪು ಛತ್ರಿ.

“ಕಾಗೆಗೆ,” ಎಂದರು ಅತ್ತೆ.

ಮುಖ್ಯಸ್ಥರು ಬಗ್ಗಿ ಛತ್ರಿಯ ಕಬ್ಬಿಣದ ಕಡ್ಡಿಗಳನ್ನು ನೋಡಿದರು. ರೇಡಿಯೋ ಅಲೆ ಕಡ್ಡಿಗೂ ಬಲೆಗೂ ನಡುವೆ ತಟ್ಟಿ ತಟ್ಟಿ ಓಡಾಡಿದರೆ ಕಾಗದದ ಮೇಲೆ ಅಲೆ ಏಳುವುದೇ ಸರಿ.

“ಛತ್ರಿ ಅಷ್ಟಽ ತಗೀರಿ. ಸಂಡಗಿ ಇರಲಿ. ಒಮ್ಮೆಗೆ ಒಂದನ್ನಽ ಬದಲ ಮಾಡಿ ನೋಡಬೇಕು.”

“ಛತ್ರಿ ತೆಗೆದ್ರೆ ಕಾಗೆ ಓಡ್ಸೋರು ಯಾರು?”

“ನಾ ಅದೀನಲ್ರೀ ಅಕ್ಕಾರ.”

ಛತ್ರಿ ಬಿಚ್ಚಿಕೊಂಡು ಅತ್ತೆ ನನ್ನ ಜೊತೆ ಕೆಳಗೆ ಬಂದರು. ನಾನು ಪೆನ್ನಿನ ಮುಂದೆ ಕೂತೆ. ಗೆರೆ ನೆಟ್ಟಗೆ ಹೊರಟಿತು. ಇನ್ನಷ್ಟು ಕಾದೆ. ನೆಟ್ಟಗೇ ಇತ್ತು.

“ಸರ್, ನೆಟ್ಟಗೆ ಬರ್ತಿದೆ!” ಎಂದು ಕಿಟಕಿಯಿಂದ ಕೂಗಿದೆ.

ಮೇಲಿನಿಂದ ಚಪ್ಪಾಳೆ, “ಹುಶ್, ಹುಶ್!” ಆಮೇಲೆ ಉತ್ತರ: “ಪೆಟಗಿ ಪಾಸಾತ್ರೀ! ಆದರ ಒಂದೆರಡು ಸಂಡಗಿ ಹೋದವು!”

“ಇಷ್ಟು ದೊಡ್ಡ ಸಾಹೇಬ್ರಿಗೆ ಒಂದು ಕಾಗೆ ಓಡ್ಸಕ್ಕೆ ಬರಲ್ಲ,” ಎಂದು ಅತ್ತೆ ಛತ್ರಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಸ್ವಲ್ಪ ಹೊತ್ತಿಗೆ ಪೆನ್ನು ಮತ್ತೆ ಅಲೆ ಬರೆಯತೊಡಗಿತು. ಈ ಸಲ ನಾನು ಬೆಸುಗೆ ನೋಡಲು ಏಳಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಸಂಡಿಗೆ ತಿಂದೆ. ಚೆನ್ನಾಗಿ ಒಣಗಿತ್ತು.