ಕಾಲು ಸುತ್ತಿನ ಕೀಲಿ

ಸಮರ್ಥ, ಪ್ರಾರ್ಥನಾ, ನನ್ನ ಮೊಮ್ಮಕ್ಕಳೇ, ಇದನ್ನು ನಿಮಗೆಂದು ಬರೆಯುತ್ತಿದ್ದೇನೆ. ಪೇಟಿ ಚಾಚಾನ ಹೆಬ್ಬೆರಳಿನ ಉಗುರಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ತಂತಿ ಮೀಟಿ ನೋಡಿ ಬಿದ್ದ ಕಚ್ಚು. ಮಾತಾಡುವಾಗ ಆ ಉಗುರಿನಿಂದ ಮೇಜಿನ ಅಂಚನ್ನು ಟಿಕ್ ಟಿಕ್ ಎಂದು ಬಡಿಯುತ್ತಿದ್ದರು. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಯ ಪಕ್ಕ ಕುಳಿತು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅದಕ್ಕೆ ನಾವು ಪೇಟಿ ಅನ್ನುತ್ತೇವಲ್ಲ, ಹಾಗಾಗಿ ಎಲ್ಲರಿಗೂ ಅವರು ಪೇಟಿ ಚಾಚಾ. ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ ಗಿಟಾರನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

ಮುತ್ಯಾ ತೀರಿಕೊಂಡ ಮೇಲೆ ಅದು ತಿಕೋಟಾದ ನಮ್ಮ ಮನೆಯ ಗೋಡೆಯಲ್ಲಿ ಮೂರು ಬೇಸಿಗೆ ತೂಗಿತು. ಕಟ್ಟಿಗೆ ಒಣಗಬಾರದೆಂದು ನಾನು ಆಗಾಗ ಕುಸುಬಿ ಎಣ್ಣೆ ಸವರುತ್ತಿದ್ದೆ, ಲಟ್ಟಣಿಗೆಗೆ ಸವರಿದ ಹಾಗೆ. ಸಮರ್ಥ, ನೀನು ಅದನ್ನು ಇಳಿಸಿ ನುಡಿಸಿದ ದಿನ, "ತಂತಿ ಭಾಳ ಮ್ಯಾಲ ಅದಾವ ಆಯಿ, ಬೆರಳು ಅಂಟ್ಕೊಳ್ಳಾಕತ್ತಾವ" ಅಂದಿ. ಭಾನುವಾರ ಪೇಟೆಗೆ ಒಯ್ದು ಕೊಟ್ಟು ಹೊಸದು ತರುತ್ತೇನೆ ಅಂದ ನಿಮ್ಮಪ್ಪ. ಆ ಹೊತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮಂಗಳವಾರ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ನಿಮ್ಮಮ್ಮ ಫೋನಿನಲ್ಲಿ ತರಿಸಿದ್ದ ಗಿಟಾರ್ ರಿಪೇರಿಯ ಹತಾರಗಳ ಡಬ್ಬಿಯೂ ಚೀಲದಲ್ಲಿತ್ತು. ಚಾಚಾನಿಗೆ ಸಾರವಾಡದ ಭಜನೆಯವರು ಪೇಟಿ ತೋರಿಸುತ್ತಿದ್ದರು. ಅವರು ಹೋಗುವ ತನಕ ಬಳೆ ಅಂಗಡಿಯ ಮುಂದೆ ತಲೆ ಮೇಲೆ ಸೆರಗು ಹೊದ್ದು ನಿಂತೆ.

ಚಾಚಾ ಗಿಟಾರಿನ ಕುತ್ತಿಗೆಯ ಮೇಲೆ ಉಗುರು ಎಳೆದರು. "ಏನ್ ಹಚ್ಚೀದಿ ತಂಗಿ?"

"ಕುಸುಬಿ ಎಣ್ಣಿ."

"ಒಗ್ಗರಣಿ ಒಂದ ಕಮ್ಮಿ ಆಗೇತಿ ನೋಡು."

ಹಳೆಯ ಬಸ್ ಪಾಸಿನ ಅಂಚಿನಿಂದ ಆ ಅಂಟನ್ನು ನನ್ನಿಂದಲೇ ಕೆರೆಸಿದರು. ಅವರ ಕೈ ನಡುಗುತ್ತಿತ್ತು. "ನಾ ಇನ್ನ ಹೇಳಾವಷ್ಟ. ನೀ ಕೌದಿ ಹೊಲಿತಿ ಅಂತಿದ್ದ ನಿನ್ನ ಗಂಡ. ನಿನ್ನ ಕೈ ಗಟ್ಟಿ ಅದಾವ, ಮನ್ಯಾಗ ನೀನ ಮಾಡು" ಅಂದರು.

ಡಬ್ಬಿಯನ್ನು ಪೇಪರಿನ ಮೇಲೆ ಸುರುವಿ ಆರಿಸತೊಡಗಿದರು. ಆರು ಮೂಲೆಯ ಕೀಲಿಗಳಲ್ಲಿ ಒಂದೊಂದನ್ನೇ ಕುತ್ತಿಗೆಯೊಳಗಿನ ಸರಳಿನ ನಟ್ಟಿಗೆ ಕೂಡಿಸಿ ನೋಡಿದರು. ಆ ಸರಳು ಬಿಗಿದರೆ ಬಾಗಿದ ಕುತ್ತಿಗೆ ನೆಟ್ಟಗಾಗಿ ತಂತಿ ಕೆಳಗಿಳಿಯುತ್ತದಂತೆ. "ಸಡ್ಲ ಕೂಡೂ ಕೀಲಿ ಕಳ್ಳ ಇದ್ದಂಗ, ನಟ್ಟಿನ ಮೂಲಿ ತಿಂದು ಹೋಗತೈತಿ." ಬಿಗಿಯಾಗಿ ಕೂತದ್ದು ಒಂದೇ. ಅದನ್ನು ನನಗೆಂದು ತೆಗೆದಿಟ್ಟರು. ತಂತಿಯ ಎತ್ತರ ಅಳೆಯಲು ಸ್ಟೀಲ್ ಪಟ್ಟಿ, ತಂತಿಯ ಕೆಳಗೆ ತೂರಿಸಿ ಸಂದು ನೋಡಲು ಸ್ಕೂಟರ್ ಮೆಕ್ಯಾನಿಕರ ಹತ್ತಿರ ಇರುವಂಥ ತೆಳು ತಗಡುಗಳ ಗೊಂಚಲು, ತಂತಿ ಕತ್ತರಿಸುವ ಇಕ್ಕಳ, ಇವನ್ನೂ ಅದರ ಜೊತೆ ಇಟ್ಟರು. ಹೊಳೆಯುವ ಅರಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿದರು. "ಇವು ಬ್ಯಾಡ. ತಿರುವಿದ್ದು ತಿರಗಿ ಬರತೈತಿ, ಉಜ್ಜಿದ್ದು ಬರಂಗಿಲ್ಲ."

ಕೊನೆಗೆ ಹೇಳಿದ್ದು ಇಷ್ಟು: "ದಿನಕ್ಕ ಕಾಲು ಸುತ್ತು. ಹೆಚ್ಚಿಗಿ ಬ್ಯಾಡ. ಕಟಗಿಗೆ ಒಂದ ರಾತ್ರಿ ಬೇಕು."

ಬುಧವಾರ ಬೆಳಗ್ಗೆ ಕಾಲು ಸುತ್ತು ತಿರುವಿದೆ. ತಂತಿ ಇದ್ದಲ್ಲೇ ಇದ್ದಂತೆ ಕಂಡಿತು. ಅಕ್ಕಿ ಆರಿಸಲು ಕೂತೆ, ಎದ್ದು ಬಂದು ಪಟ್ಟಿ ಹಿಡಿದೆ. ನೀರು ತುಂಬಿ ಬಂದು ಮತ್ತೆ ಹಿಡಿದೆ. ಭಾನುವಾರ ಹತ್ತಿರ ಬರುತ್ತಿತ್ತು. ಮಧ್ಯಾಹ್ನ ಇನ್ನೊಮ್ಮೆ ತಿರುವಿದೆ. ಸಂಜೆ ಮೂರನೆಯ ಸಲ ತಿರುವುವಾಗ ಒಳಗೆಲ್ಲೋ ಟಕ್ ಅಂತು. ನಾನು ಕೀಲಿ ಬಿಟ್ಟು ಗೋಡೆಗೆ ಒರಗಿ ಕೂತೆ. ನಿಮ್ಮ ಮುತ್ಯಾನ ಗಿಟಾರನ್ನು ನನ್ನ ಕೈಯಾರೆ ಮುರಿದೆ ಅನಿಸಿತು.

ಮರುದಿನ ಮೊದಲ ಬಸ್ಸಿಗೆ ಹೋದೆ. ಚಾಚಾ ಗಿಟಾರನ್ನು ಕಣ್ಣಿನ ನೇರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಮುರದಿಲ್ಲ, ಕಟಗಿ ಮೈ ಮುರಕೊಂಡೈತಿ ಅಷ್ಟ. ಎಷ್ಟ ಸಲ ತಿರುವಿದಿ?"

"ಒಂದ ಸಲ, ಚಾಚಾ."

ಉಗುರು ಟಿಕ್ ಟಿಕ್ ಅಂದಿತು. "ಕೀಲಿ ಹಿಡಿ. ಹಿಂದಕ್ಕ ಕಾಲು ಸುತ್ತು ತಿರುವು." ತಿರುವಿದೆ. "ಇನ್ನೊಮ್ಮಿ." ತಿರುವಿದೆ. "ಸಾಕು. ಈಗ ಒಂದ ಸಲ ಆತು ನೋಡು."

ನಾನು ತಲೆ ಎತ್ತಲಿಲ್ಲ. ಅವರು ಗಿಟಾರನ್ನು ಚೀಲಕ್ಕೆ ಹಾಕುತ್ತ, "ತಿರುವಿದ ಮ್ಯಾಲ ಕೀಲಿ ಬಾಜೂಮನಿಯಾಕಿ ಕೈಯಾಗ ಕೊಡು. ಮರುದಿನ ಇಸ್ಕೋ" ಅಂದರು.

ಹಾಗೇ ಮಾಡಿದೆ. ಪಕ್ಕದ ಮನೆಯವಳು ಅದನ್ನು ಜೀರಿಗೆ ಡಬ್ಬಿಯಲ್ಲಿಟ್ಟು, "ತಿಜೋರಿ ಕೀಲಿ ಏನ್ ಬೇ ಇದು?" ಎಂದು ಕಾಡಿದಳು. ಶುಕ್ರವಾರ ಒಂದು ಸಲ, ಶನಿವಾರ ಒಂದು ಸಲ. ಭಾನುವಾರ, ಸಮರ್ಥ, ನೀನು ಊಟಕ್ಕೆ ಕರೆದರೂ ಬಾರದೆ ನುಡಿಸಿದಿ. ನಿಮ್ಮಪ್ಪ ಪೇಟೆಯ ಮಾತು ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ಮೂರು ಸಲ ತಿರುವಿದ್ದೆ ಎಂದು ಹೇಳಿಬಿಡಬೇಕೆಂದು ಹೋದೆ. ಬಸ್ಸಿನಲ್ಲೆಲ್ಲ ಆ ಒಂದು ಮಾತನ್ನು ಬಾಯಲ್ಲೇ ಜೋಡಿಸಿಕೊಂಡಿದ್ದೆ. ಬಾಗಿಲು ಹಾಕಿತ್ತು. "ಚಾಚಾ ತೀರಿ ಹೋಗಿ ಹದಿನೈದ ದಿನ ಆತ್ರಿ" ಅಂದ ಬಳೆ ಅಂಗಡಿಯವ. ಸ್ವಲ್ಪ ಹೊತ್ತು ಅವರ ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಬಂದೆ.

ಅವರಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳಿದ್ದೇನೆ. ಈ ಹಾಳೆಗಳನ್ನು ಗಿಟಾರಿನ ಚೀಲದಲ್ಲಿ ಜೋಪಾನವಾಗಿ ಇಡಿರಿ. ಕೀಲಿ ಅಲ್ಲಿ ಇರುವುದಿಲ್ಲ, ಪಕ್ಕದ ಮನೆಯಲ್ಲಿ ಕೇಳಿರಿ.