ಕೂತು ಓದಿದ ಚಾರ್ಟು, ನಿಂತು ತಪ್ಪಿದ ಚೆಂಡು

2003ರಲ್ಲಿ ನಾನು ಪರದೇಶದ ಪೋರ್ಟ್ ಕ್ರೆಡಿಟ್ ಎಂಬ ಊರಿನಲ್ಲಿ ಆಪ್ಟೊಮೆಟ್ರಿಸ್ಟ್ ಆಗಿದ್ದೆ. ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವ ಕೆಲಸ. ನಾನು ಮೈಸೂರಿನವಳು, ನಾನು ಕೊಟ್ಟ ನಂಬರು ತಪ್ಪುವುದಿಲ್ಲ ಎಂಬ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಆ ಜುಲೈಯಲ್ಲಿ ಹುಬ್ಬಳ್ಳಿ ಕಡೆಯ ಪಾಟೀಲರು ಸಕ್ಕರೆ ಕಾಯಿಲೆಗೆಂದು ವರ್ಷಕ್ಕೊಮ್ಮೆ ಮಾಡಿಸುವ ಕಣ್ಣಿನ ತಪಾಸಣೆಗೆ ಬಂದರು. ಅವರ ಮಗ ವಿನಾಯಕನಿಗೆ ಇಪ್ಪತ್ನಾಲ್ಕು. ವಾರವಿಡೀ ವಾನ್ ಎಂಬ ಊರಿನ ಗೋದಾಮಿನಲ್ಲಿ ಕೆಲಸ, ಶನಿವಾರ ಬೇಸ್‌ಬಾಲ್. ತಂಡದ ನೆಚ್ಚಿನ ಬ್ಯಾಟುಗಾರ ಆರು ವಾರದಿಂದ ಒಂದು ಚೆಂಡನ್ನೂ ನೆಟ್ಟಗೆ ಹೊಡೆದಿರಲಿಲ್ಲ. ಇದಕ್ಕೆ ಸ್ಲಂಪ್ ಎನ್ನುತ್ತಾರಂತೆ. ಇನ್ನೆರಡು ಶನಿವಾರ ಹೀಗೇ ಆದರೆ ತಂಡದಿಂದ ಹೊರಗೆ ಎಂದು ಕೋಚ್ ಹೇಳಿಯಾಗಿತ್ತು.

"ಲಕ್ಷ್ಯ ಇಲ್ರೀ ಅವಂಗ. ನಾ ಮ್ಯಾಚಿಗೆ ಹೋಗೋದ ಬಿಟ್ಟೀನಿ," ಎಂದರು ಪಾಟೀಲರು. ಮನೆಯಲ್ಲಿ ಅಪ್ಪ ಮಗನ ಮಾತೂ ನಿಂತಿತ್ತು.

ಯಾವಾಗ ಶುರುವಾಯಿತು ಎಂದು ಕೇಳಿದೆ. ಜೂನ್ ಮೊದಲ ವಾರ ಎಂದರು. ಮೇ ಕೊನೆಯಲ್ಲಿ ಅವನಿಗೆ ಮೊದಲ ಕನ್ನಡಕ ಕೊಟ್ಟವಳು ನಾನೇ.

ಫೈಲು ತೆಗೆದು ನೋಡಿದರೆ ನಂಬರು ಸರಿಯಾಗಿಯೇ ಇತ್ತು. ಕಾಂಟ್ಯಾಕ್ಟ್ ಲೆನ್ಸ್ ಆಗುತ್ತದಾ ಎಂದು ಅವನು ಆಗಲೇ ಕೇಳಿದ್ದು ನೆನಪಾಯಿತು. ಗೋದಾಮಿನ ಧೂಳಿಗೆ ಅದೆಲ್ಲ ಬೇಡ ಎಂದು ಬಾಯಿ ಮುಚ್ಚಿಸಿದ್ದೆ. ಹೊರಗಿನವರಾಗಿದ್ದರೆ ಯಾಕೆ ಬೇಕು ಎಂದು ಕೇಳುತ್ತಿದ್ದೆ. ಇವನು ನಮ್ಮ ಹುಡುಗನಲ್ಲವೇ, ಅಪ್ಪಣೆ ಮಾಡಿಬಿಟ್ಟಿದ್ದೆ.

ಮರುದಿನ ಅವನನ್ನು ಕರೆಸಿದೆ. ಕುರ್ಚಿಯಲ್ಲಿ ಕೂತು ಚಾರ್ಟಿನ ಕೊನೆಯ ಸಾಲನ್ನೂ ಸಲೀಸಾಗಿ ಓದಿದ. ಆಮೇಲೆ ಕೈಗೆ ನನ್ನ ಛತ್ರಿ ಕೊಟ್ಟು, ಮೈದಾನದಲ್ಲಿ ನಿಲ್ಲುವ ಹಾಗೆ ನಿಲ್ಲು ಎಂದೆ. ಚಾರ್ಟಿನ ಕಡೆ ಎಡಭುಜ ಮಾಡಿ, ಕತ್ತು ತಿರುಗಿಸಿ, ಓರೆಗಣ್ಣಿನಲ್ಲಿ ನೋಡಿದ. ಹಾಗೆ ನೋಡುವಾಗ ಕಣ್ಣು ಗಾಜಿನ ನಡುವಿನಿಂದಲ್ಲ, ಅಂಚಿನಿಂದ ನೋಡುತ್ತದೆ. ಅವನ ನಂಬರಿಗೆ ಅಂಚಿನಲ್ಲಿ ಎಲ್ಲವೂ ಸೊಟ್ಟ. ಮೂಗಿನ ಬಳಿಯ ಫ್ರೇಮು ಬಲಗಣ್ಣಿಗೆ ಬೇರೆ ಅಡ್ಡ. ನಾಲ್ಕನೇ ಸಾಲಿಗೇ ನಿಂತುಬಿಟ್ಟ.

ಇಷ್ಟು ದಿನ ಯಾಕೆ ಹೇಳಲಿಲ್ಲವೋ ಎಂದೆ.

"ನೀವು ಫ್ಯಾಮಿಲಿ ಇದ್ದಂಗ ಆಂಟಿ. ನೀವು ಕೊಟ್ಟಿದ್ದು ರಾಂಗ್ ಅಂತ ಹೆಂಗ ಹೇಳ್ಲಿ? ಪ್ರಾಬ್ಲೆಮ್ ನಂದ ಅನ್ಕೊಂಡೆ."

ಕನ್ನಡಕ ತೆಗೆದೂ ಆಡಿ ನೋಡಿದ್ದನಂತೆ, ಹಳೆಯ ಹೊಡೆತ ಮರಳಿರಲಿಲ್ಲ. ಅಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಅವನ ನಿಲುವು, ಹಿಡಿತ, ಹೆಜ್ಜೆ ಎಲ್ಲವನ್ನೂ ಬದಲಿಸಿದ್ದರು. ಅವತ್ತೇ ಅಳತೆ ತೆಗೆದು, ಆಟದ ಹೊತ್ತಿಗೆಂದೇ, ಕಣ್ಣಿನ ಜೊತೆಗೇ ತಿರುಗುವ ಕಾಂಟ್ಯಾಕ್ಟ್ ಲೆನ್ಸ್ ತರಿಸಿಕೊಟ್ಟೆ. ಗೆದ್ದೆ ಎಂದುಕೊಂಡೆ.

ಆ ಶನಿವಾರವೂ ಅವನು ಸೋತ. ಫೋನು ಮಾಡಿ ನನಗೇ ಸಾರಿ ಹೇಳಿದ. ಕಣ್ಣು ಸರಿಹೋಗಿತ್ತು, ತಪ್ಪು ತನ್ನದೇ ಎನ್ನುವುದು ಮಾತ್ರ ಅವನ ತಲೆಯಿಂದ ಹೋಗಿರಲಿಲ್ಲ.

ಭಾನುವಾರ ಪಾಟೀಲರ ಮನೆಗೆ ಹೋದೆ. ವಿನಾಯಕನನ್ನೂ ಕೂರಿಸಿಕೊಂಡು, ತಪ್ಪು ನನ್ನದು, ಇವನ ಲಕ್ಷ್ಯದ್ದಲ್ಲ ಎಂದು ಬಿಡಿಸಿ ಹೇಳಿದೆ. ವೃತ್ತಿಯಲ್ಲಿ ಅಂಥ ಮಾತು ನಾನು ಆಡಿದ್ದು ಅದೇ ಮೊದಲು. ಪಾಟೀಲರು ಚಹಾದ ಲೋಟ ಕೆಳಗಿಟ್ಟರು.

"ಸುಮ್ ಸುಮ್ನ ಬೈದ್ನಲ್ರೀ ಹುಡುಗಗ," ಎಂದರು.

ಮುಂದಿನ ಶನಿವಾರ, ಕೊನೆಯ ಅವಕಾಶದ ದಿನ, ಮೈದಾನದಲ್ಲಿ ಪಾಟೀಲರ ಪಕ್ಕದಲ್ಲಿ ನಾನೂ ಕೂತಿದ್ದೆ. ವಿನಾಯಕ ಯಾರ್ಯಾರೋ ಹೇಳಿಕೊಟ್ಟಿದ್ದನ್ನೆಲ್ಲ ಬಿಟ್ಟು ತನ್ನ ಹಳೆಯ ನಿಲುವಿನಲ್ಲೇ ನಿಂತ. ಮೊದಲ ಚೆಂಡು ಅವನಿಂದ ದೂರವಾಗಿ ಬಂತು. ಬ್ಯಾಟು ಬೀಸದೆ ಹೋಗಲು ಬಿಟ್ಟ. ಚೆಂಡು ಸರಿಯಾಗಿ ಕಂಡವನು ಮಾತ್ರ ಹಾಗೆ ಬಿಡುತ್ತಾನೆ. ಪಾಟೀಲರು ಎದ್ದು ನಿಂತರು.

"ಕಾಣ್ತೈತೇನೋ?"

"ಕಾಣ್ತೈತಿ ಅಪ್ಪಾ."

ಮುಂದಿನ ಚೆಂಡನ್ನು ನೆಟ್ಟಗೆ ಹೊಡೆದದ್ದು ಸದ್ದಿನಿಂದಲೇ ನನಗೂ ಗೊತ್ತಾಯಿತು. ಚೆಂಡು ಎಲ್ಲಿ ಬಿತ್ತೋ ನೋಡಲಿಲ್ಲ. ಪಾಟೀಲರು ಅಳುತ್ತಿದ್ದರು, ನಾನೂ.

ನಿವೃತ್ತಳಾಗುವವರೆಗೂ ನಮ್ಮವರಿಗೆ ಕನ್ನಡಕ ಕೊಡುವಾಗ, ಸರಿಯಾಗದಿದ್ದರೆ ಬಂದು ನನ್ನನ್ನು ಬೈಯಿರಿ ಎಂದು ತಪ್ಪದೆ ಹೇಳುತ್ತಿದ್ದೆ. ಹೊರಗಿನವರಿಗೆ ಹೇಳಬೇಕಾಗಿರಲಿಲ್ಲ, ಅವರು ಹೇಗೂ ಬೈಯುತ್ತಿದ್ದರು. ಪ್ರೀತಿಯಿಂದ ಸುಮ್ಮನಿರುವವರನ್ನೇ ಎರಡು ಸಲ ಕೇಳಬೇಕು.