ನಕ್ಷೆಯಲ್ಲಿದ್ದ ಇಪ್ಪತ್ತಡಿ ಬಂಡೆ

ಹೋದ ವರ್ಷ ನಾನು ದೊಮ್ಮಲೂರಿನ ಒಂದು ಸಣ್ಣ ಆಫೀಸಿನಲ್ಲಿ ಸಲಹೆಗಾರನಾಗಿದ್ದೆ. ಮುಚ್ಚಿಹೋದ ಚಿನ್ನದ ಗಣಿಯಿರುವ ಒಂದು ಬೆಟ್ಟದೂರಿನಲ್ಲಿ ಪ್ರವಾಸಿಗರಿಗೆ ಕಾಲುದಾರಿ ಗುರುತಿಸುವ ಕೆಲಸ ನಮಗೆ ಬಂದಿತ್ತು. ಅದೇ ಗಣಿಯಲ್ಲಿ ಸರ್ವೇಯರ್ ಆಗಿದ್ದವನು ನಾನು. ಅಲ್ಲಿನ ನೆಲ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ ಎಂದು ಜಂಬವನ್ನೂ ಕೊಚ್ಚಿಕೊಂಡಿದ್ದೆ.

ದಾರಿ ಹಳೆಯ ಸ್ಟೋಪ್ ಒಂದರ ಮೇಲೆ ಹಾಯುತ್ತಿತ್ತು. ಅದಿರು ತೆಗೆದ ಮೇಲೆ ನೆಲದೊಳಗೆ ಉಳಿಯುವ ಟೊಳ್ಳಿಗೆ ಗಣಿಯವರು ಸ್ಟೋಪ್ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ಇಪ್ಪತ್ತಡಿ ಬಂಡೆ ಇದೆ ಎಂದು ಹಿಂದೆ ನಾನೇ ಅಳೆದು ಬರೆದ ನಕ್ಷೆ ಹೇಳುತ್ತಿತ್ತು. ಇನ್ನೇನು ಬೇಕು! ಸುರಕ್ಷಿತ ಎಂದು ಸಹಿ ಹಾಕಿದೆ. ಭಾನುವಾರ ಮೊದಲ ನಡಿಗೆ, ಹಲಸೂರಿನ ಒಂದು ಶಾಲೆಯ ನಲವತ್ತು ಮಕ್ಕಳದ್ದು.

ಬುಧವಾರ, ಫಲಕಗಳಿಗೆ ಜಾಗಗಳ ಹಳೆಯ ಹೆಸರು ಕೇಳಲು ಹಲಸೂರಿನ ಸೆಲ್ವರಾಜ್ ಮನೆಗೆ ಹೋದೆ. ನಮ್ಮ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವರು. ಅಲ್ಲಿ ಅವರನ್ನು ‘ನೀನು’ ಅನ್ನುತ್ತಿದ್ದೆ, ಈಗ ನಾಲಿಗೆ ತಾನಾಗಿ ‘ನೀವು’ ಅನ್ನುತ್ತದೆ. ಕಾಫಿ ಕೊಟ್ಟು ನಕ್ಷೆ ನೋಡಿದವರು ಆ ಸ್ಟೋಪಿನ ಮೇಲೆ ಬೆರಳಿಟ್ಟರು.

“ಇಲ್ಲಿ ಬೇಡ ಸಾರ್.”

“ಯಾಕ್ರೀ? ಇಪ್ಪತ್ತಡಿ ಕಲ್ಲಿದೆ. ನಾನೇ ಅಳ್ದಿದ್ದೀನಿ.”

“ನೀವು ಅಳ್ಕೊಂಡು ಹೋದ್ಮೇಲೆ ಅದನ್ನ ಒಳಗಿಂದ ನಾನೇ ಒಡ್ದೆ ಸಾರ್. ಮೇಸ್ತ್ರಿ ಒಡಿ ಅಂದ. ಚಿನ್ನ ಕಾಣಿಸ್ತಿದ್ರೆ ನಿಮ್ ಗೆರೆ ನೋಡ್ಕೊಂಡು ನಿಲ್ತಾರಾ? ಬಾಯ್ಬಿಟ್ರೆ ಕೆಲ್ಸ ಹೋಗ್ತಿತ್ತು. ಊಟ ತರೋ ನಮ್ ಹೆಂಗಸ್ರಿಗೆ ಮಾತ್ರ ಹೇಳಿದ್ವಿ, ಸುತ್ಕೊಂಡ್ ಬನ್ನಿ ಅಂತ.” ಅವರ ಕಣ್ಣು ತುಂಬಿತು. “ಭಾನುವಾರ ನನ್ ಮೊಮ್ಮಗಳೂ ಹೋಗ್ತಾಳೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನ ಸಹಿಯ ಮೇಲೆ ಸುಳ್ಳು! ಮುದುಕನಿಗೆ ನೆನಪು ಕೆಟ್ಟಿದೆ ಅಂತಲೂ ಅಂದುಕೊಂಡೆ. ಆದರೂ ಶುಕ್ರವಾರ ಡ್ರಿಲ್ ಯಂತ್ರ ತರಿಸಿ ಇಬ್ಬರೂ ಅಲ್ಲಿಗೆ ಹೋದೆವು. ರಾಡ್ ನಾಲ್ಕಡಿ ಕಿರುಗುಟ್ಟುತ್ತಾ ಇಳಿದು, ಆಮೇಲೆ ಸರಕ್ಕನೆ ಜಾರಿತು. ಕೆಳಗೆ ಬರೀ ಗಾಳಿ.

ಹೆಂಗಸರ ಹಳೆಯ ಸುತ್ತುದಾರಿಯನ್ನು ಸೆಲ್ವರಾಜ್ ಮುಂದೆ ನಡೆದು ತೋರಿಸಿದರು. ಅಲ್ಲೂ ಕೊರೆಸಿದೆ, ಗಟ್ಟಿ ಬಂಡೆ. ಸಂಜೆಯೊಳಗೆ ಟೊಳ್ಳಿನ ಸುತ್ತ ಬೇಲಿ ಎದ್ದಿತು. ಹೊಸ ನಕ್ಷೆಗೆ ಅವರ ಸಹಿಯನ್ನೂ ಕೇಳಿದೆ.

“ಅಯ್ಯೋ, ನನ್ದ್ಯಾಕೆ ಸಾರ್?”

“ನನ್ನೊಬ್ಬನ ಸಹಿ ಏನ್ ಮಾಡ್ತಿತ್ತು, ನೋಡಿದ್ರಲ್ಲ” ಅಂದೆ.

ಭಾನುವಾರ ನಲವತ್ತೂ ಮಕ್ಕಳು ಸುತ್ತಿಕೊಂಡೇ ಹೋಗಿ ಬಂದರು. ನನ್ನ ಅಳತೆಯ ಮೇಲೆ ನನಗೆ ಈಗಲೂ ನಂಬಿಕೆಯಿದೆ. ಆದರೆ ಯಾವ ನೆಲಕ್ಕೆ ಸಹಿ ಹಾಕುವ ಮೊದಲೂ, ಅಲ್ಲಿ ಕಲ್ಲು ಒಡೆದವರ ಮನೆ ಹುಡುಕಿಕೊಂಡು ಹೋಗಿ ಒಂದು ಲೋಟ ಕಾಫಿ ಕುಡಿದು ಬರುತ್ತೇನೆ.